ಎರಡು ಚುಕ್ಕಿ, ಒಂದು ಓರೆಗೀಟು

ಸುಲ್ತಾನ್‌ಪೇಟೆ, ಎರಡನೇ ಮಹಡಿ, ಮದುವೆ ಕಾರ್ಡಿನಂಗಡಿ.
ಯಾರೋ ಕಳಿಸಿದ ಜಿಪ್ ಗಂಟು:
‘ಹೊಸ ಡಿಸೈನು, ಪುಕ್ಕಟೆ.’
ಎಲ್ಲಿ ಬಿಚ್ಚಲಿ? ಕೇಳಿತು ಸಾಫ್ಟ್‌ವೇರು.
ಮೇ ತಿಂಗಳ ಫೋಲ್ಡರಿನಲ್ಲಿ,
ಅಲ್ಲೇ, ಆಚೆ ಚೆಲ್ಲದ ಹಾಗೆ, ಅಂದೆ.
ಹೂಂ ಅಂದಿತು.

ನವಿಲು ಇಳಿಯಿತು, ಬಾಳೆಕಂಬ ಇಳಿಯಿತು,
ವಾಲಗದವರು ಸಾಲಾಗಿ ಇಳಿದರು.
ಕೊನೆಯದೊಂದು ಮಾತ್ರ
ಇಳಿಯಲಿಲ್ಲ, ಹತ್ತಿತು.

ಸಂಜೆ ಅಚ್ಚಾಗಿ ಬಂದ ಹನ್ನೊಂದು ಮದುವೆಗೂ
ಒಬ್ಬನೇ ವರ:
ಚಿ|| ರಾ|| ಸಂಪಂಗಿರಾಮ.
ಶೆಟ್ಟರ ಮುಖ ಅಕ್ಷತೆಯ ಬಣ್ಣಕ್ಕೆ ತಿರುಗಿತು.

ಎಸ್‌.ಪಿ. ರೋಡಿನಿಂದ ಬಂದ ಇಲಿಯಾಸ್
ಒಳಗೇನಿದೆ ಅಂತ ನೋಡಲೇ ಇಲ್ಲ,
ಹೆಸರು ಓದಿದ.
‘ನೋಡಕ್ಕಾ, ಎರಡು ಚುಕ್ಕಿ, ಒಂದು ಓರೆಗೀಟು,
ಒಂದು ಮೆಟ್ಟಿಲು ಮೇಲೆ.
ಮತ್ತೆರಡು ಚುಕ್ಕಿ. ಇನ್ನೊಂದು.’
ದಿನಾ ಹೊಸ್ತಿಲಲ್ಲಿ ನಾನಿಡುವಂಥ ಚುಕ್ಕಿಗಳೇ!
‘ಹೆಸರಲ್ಲೇ ಏಣಿ ಇಟ್ಟುಕೊಂಡು ಬಂದು
ನಿಮ್ಮ ಮೂಲಪ್ರತಿಯ ಮೇಲೇ ಕೂತಿದೆ.
ಬಿಚ್ಚುವವನು ಹೆಸರು ಕೂಗಿದ,
ದಾರಿ ಕೇಳಲಿಲ್ಲ.’

ಹನ್ನೊಂದು ಮನೆಗೂ ಫೋನು ಮಾಡಿದೆ.
ಹತ್ತು ಮನೆಯವರು ಬೈದರು.
ಹನ್ನೊಂದನೆಯದರಲ್ಲಿ ಹುಡುಗಿಯೇ ಎತ್ತಿದಳು,
ಸ್ವಲ್ಪ ಹೊತ್ತು ಸುಮ್ಮನಿದ್ದು
ಮೆಲ್ಲಗೆ ಕೇಳಿದಳು:
‘ಈ ಸಂಪಂಗಿರಾಮ
ನೋಡೋಕೆ ಹೇಗಿದಾನೆ?’