ಎತ್ತಿ ತಂದ ಕಡತ

ಸೊಹಾರ್ ಬಂದರಿನ ಹಿಂದೆ, ಕಡಲನ್ನು ಸೋಸಿ
ಕುಡಿಯುವ ನೀರು ಮಾಡುವ ಸ್ಥಾವರ. ರಾತ್ರಿ ಒಂದೂವರೆ.
ಹೊರಗೆ ಮೂವತ್ನಾಲ್ಕು ಡಿಗ್ರಿ, ಸರ್ವರ್ ಕೋಣೆಯಲ್ಲಿ ಹದಿನೆಂಟು.
ಆಗಸ್ಟಿನಲ್ಲಿ ಸ್ವೆಟರ್ ತೊಟ್ಟು ಕೂತಿದ್ದೇನೆ.

ಗೇಟಿನಲ್ಲಿ ನನ್ನ ಪಾಸು ನಿನ್ನೆಗೇ ಮುಗಿದಿತ್ತು.
ಮುರಾದ್ ಬಖ್ಶ್ ಟಾರ್ಚು ಬಿಟ್ಟು ನೋಡಿದ,
ದೊಡ್ಡ ಪುಸ್ತಕದಲ್ಲಿ ಬರೆದುಕೊಂಡ, ತಡೆಯಲಿಲ್ಲ.

ಹೊಸ ತಂತ್ರಾಂಶಕ್ಕೆ ಕೆಲಸ ಇಷ್ಟೇ:
ಹದಿನಾಲ್ಕು ಪಂಪುಗಳ ಒತ್ತಡ ಓದುವುದು, ಬರೆದಿಡುವುದು.
ಇನ್‌ಸ್ಟಾಲ್ ಆಯಿತು ಎಂದು ತಾನೇ ಹೇಳಿತು;
ಎಬ್ಬಿಸಿದರೆ ಏಳದು.
ಅನುಮತಿ ಇಲ್ಲ.

ಯಾರ ಅನುಮತಿ? ಕಡತದ ಒಡೆಯ ನಾನೇ.
ಓದು, ಬರೆ, ನಡೆಸು, ಮೂರನ್ನೂ ಊರಿಗೆಲ್ಲ ಹಂಚಿದೆ,
ಏಳು ಏಳು ಏಳು ಎಂದು ಮದುವೆಮನೆ ಬಾಗಿಲಂತೆ ತೆರೆದಿಟ್ಟೆ.
ಕೊನೆಗೆ ರೂಟ್ ಆದೆ, ಎಂದರೆ ಈ ಪೆಟ್ಟಿಗೆಯ ಮಟ್ಟಿಗೆ ದೇವರು.
ದೇವರಿಗೂ ಅದೇ ಉತ್ತರ.

ಮಸ್ಕತ್ತಿನಿಂದ ಹಿಲರಿ ಸೆರಾವೊ ಫೋನು:
"ಎಸ್‌ಇಲಿನಕ್ಸ್ ಅಲ್ವಾ? ಸೊನ್ನೆ ಒತ್ತಿ ಮಲಗು ಮಾರಾಯ,
ಎಲ್ಲರೂ ಮಾಡೋದು ಅದೇ."
ಒತ್ತಬಹುದು. ಆಗ ಒಳಗಿನ ಕಾವಲುಗಾರನೂ ಮುರಾದನಂತೆ
ಬರೆದುಕೊಳ್ಳುತ್ತಾನೆ, ತಡೆಯುವುದಿಲ್ಲ,
ನನ್ನನ್ನೂ, ನನ್ನ ಹಿಂದೆ ಬಂದವನನ್ನೂ.
ರೂಮಿನ ಐವರೂ ಕುಡಿಯುವುದು ಇದೇ ನೀರು.
ಬೆರಳು ತೆಗೆದೆ.

ಲಾಗ್ ಬಿಚ್ಚಿದರೆ ಇರುವೆ ಸಾಲು.
ನಿರಾಕರಿಸಿದೆ, ನಿರಾಕರಿಸಿದೆ, ನೂರ ಹನ್ನೆರಡು ಸಲ,
ಸಿಟ್ಟಿಲ್ಲ, ಬೇಸರವಿಲ್ಲ, ಹಳೇ ಶಾನುಭೋಗನ ಶಿಸ್ತು:
ಕೇಳಿದ್ದು ಯಾರು, ಮುಟ್ಟಹೊರಟದ್ದು ಏನು,
ಇವನ ಚೀಟಿ ಯಾವುದು, ಅದರ ಚೀಟಿ ಯಾವುದು.
ಹೆಸರು ಬೇಡ ಅದಕ್ಕೆ. ಒಡೆಯನೂ ಬೇಡ.
ನನ್ನ ಕಡತದ ಬೆನ್ನಿಗಂಟಿದ್ದ ಚೀಟಿ ಓದಿದೆ.
ಕನ್ನಡಕ ಒರೆಸಿ ಇನ್ನೊಮ್ಮೆ ಓದಿದೆ.

ಮನೆ.

ಓ, ಹೀಗೋ. ಮೊದಲು ಇಳಿಸಿದ್ದು ನನ್ನ ಹೆಸರಿನ ಖಾನೆಗೆ;
ಯಂತ್ರ ಅದನ್ನು ಮನೆ ಎನ್ನುತ್ತದೆ. ಅಲ್ಲಿಂದ ಎತ್ತಿ ಇಲ್ಲಿಟ್ಟೆ.
ನಕಲು ಮಾಡಿದ್ದರೆ ಕಾಲಿಟ್ಟ ಜಾಗದ ಚೀಟಿ ತೊಡುತ್ತಿತ್ತು.
ಎತ್ತಿ ತಂದದ್ದು ಹಳೆಯದನ್ನು ಬಿಡುವುದಿಲ್ಲ.

ಹನ್ನೊಂದು ವರ್ಷದಿಂದ ನಾವು ರೂಮು ಎಂದೇ ಅನ್ನುವುದು,
ನಾಲ್ಕು ಮಂಚ, ಐದು ಜನ, ಒಂದು ಫ್ರಿಜ್ಜು.
ಐದನೆಯವ ಹಾಸಿಂಪೀರ ನದಾಫ, ಇಂಡಿ ಕಡೆಯವ,
ಬೆಸುಗೆ ಹಾಕಿದರೆ ಗೆರೆ ಕಾಣುವುದಿಲ್ಲ.
ಕಾರ್ಡಿನಲ್ಲಿ ಮಾತ್ರ: ಒಂಟೆ ಕಾಯುವವ.
ರಿಫೈನರಿ ಗೇಟಿನಿಂದ ಮೂರು ಸಲ ವಾಪಸು.
"ಕೈ ನೋಡ್ರಿ ಅಂದ್ರ ಕಾರ್ಡ್ ನೋಡ್ತಾರ್ರೀ."

ಬರೀ ಚೀಟಿ ಬದಲಿಸಿದರೆ ಮುಂದಿನ ತಪಾಸಣೆಗೆ ಅಳಿಸಿಹೋಗುತ್ತದೆ.
ಮೊದಲು ನಿಯಮದ ಪುಸ್ತಕದಲ್ಲಿ ಬರೆಸಬೇಕು:
ಈ ಹಾದಿಯಲ್ಲಿ ಇರುವುದೆಲ್ಲ ಈ ಕೆಲಸದ್ದು.
ಆಮೇಲೆ, ತಿದ್ದು, ಎನ್ನಬೇಕು.
ಎರಡು ಸಾಲು. ತಿದ್ದಿತು.

ಎದ್ದಿತು; ಮತ್ತೆ ಬಿತ್ತು. ಈಗ ಪೋರ್ಟಿನ ತಕರಾರು.
ಬಂದರಿನೊಳಗೇ ಕೂತು ಇನ್ನೊಂದು ಬಂದರಿಗೆ
ಪರವಾನಗಿ ಬರೆದೆ, ಸಂಖ್ಯೆ ಸಮೇತ, ಅದೊಂದಕ್ಕೇ.
ನಾಲ್ಕೂ ಹತ್ತಕ್ಕೆ ಮೊದಲ ಪಂಪು ಮಾತಾಡಿತು:
ಅರವತ್ತೆರಡು ಬಾರ್.
ಮೂರನೆಯದು ಸೊನ್ನೆ ಎಂದಾಗ ಎದೆ ಧಸಕ್ಕೆಂದಿತು,
ಅದು ರಿಪೇರಿಯಲ್ಲಿದೆ ಎಂದು ಆಮೇಲೆ ನೆನಪಾಯಿತು.

ಹೊರಬರುವಾಗ ಮುರಾದ್ ಇನ್ನೊಮ್ಮೆ ಬರೆದುಕೊಂಡ.

ರೂಮಿನಲ್ಲಿ ಹಾಸಿಂಪೀರ ಬೂಟು ಕಟ್ಟುತ್ತಿದ್ದ.
ಹೇಳಿದೆ, ನಗಲಿ ಎಂದು.
"ಆ ಕಮಾಂಡು ನನಗೂ ಒಂದ್ಸಲ ಹೊಡೀರಲ್ಲ" ಅಂದ.
ಆಮೇಲೆ ನಲ್ಲಿಗೆ ಬಾಟಲಿ ಹಿಡಿದು, ತುಂಬುವವರೆಗೂ ಸುಮ್ಮನಿದ್ದು:
"ಮನಿ ಅಂತ ಬರದಿತ್ತೇನ್ರಿ?
ಅದನ್ಯಾಕ ತಗದ್ರಿ?"