ಫ್ಯಾನು ಆರಿಸಿದ ಕೋಣೆ

ಗಾಳಿ ಬೀಸಿದ ಹಾಗಿದೆ ಅನ್ನುತ್ತಾರೆ ಎಲ್ಲರೂ, ಆ ಹಾಡಿಗೆ.
ಮಾಪ್ಸಾದ ಬೇಕರಿಯ ಹಿಂದಿನ ಕೋಣೆ ಅದು, ಮೇ ತಿಂಗಳು.
ಗೋಡೆಗೆ ಹಳೇ ಹಾಸಿಗೆ ಹೊಡೆದು
ಕಿಟಕಿಗೆ ಗೋಣಿ ಬಿಗಿದು
ಫ್ಯಾನಿನ ಗೊರಗೊರ ಮೈಕಿಗೆ ಬೀಳದಿರಲೆಂದು
ಅದನ್ನೂ ಆರಿಸಿ
ಬನಿಯನ್ನಿನಲ್ಲಿ ಕೂತಿದ್ದೆವು ಐದು ಜನ.
ಗೋಡೆಯಾಚೆ ಪಾವಿನ ಭಟ್ಟಿ.
ಗಾಳಿ ಇದ್ದದ್ದು ಹಾಡಿನ ಕಾಗದದಲ್ಲಿ ಮಾತ್ರ,
ಕೊಂಕಣಿಯಲ್ಲಿ, ಎರಡು ಕಡೆ.

ಎವರಿಸ್ತೊನ ಗಿಟಾರಿಗೆ ಅವಸರವಿಲ್ಲ.
ಏಟು ಬೀಳುವಲ್ಲಿ ಸುಮ್ಮನಿದ್ದು
ಬಿದ್ದಾದ ಮೇಲೆ ಚಕ್ ಅನ್ನುತ್ತದೆ,
ಅತ್ತೆ ಬೈದು ಒಳಗೆ ಹೋದ ಮೇಲೆ
ಸೊಸೆ ಲೊಚಗುಟ್ಟಿದ ಹಾಗೆ.

ಡ್ರಮ್ಮಿನ ತುಳಶೀದಾಸ ಶಿಗ್ಮೋದ ಢೋಲು ಬಡಿದು ಬೆಳೆದವ,
ಒಂದು ಅಂದರೆ ಅವನ ಕೈ ತಾನೇ ಏಳುತ್ತದೆ.
ಒಂದನ್ನು ಬಿಡು, ಅಂದ ಎವರಿಸ್ತೊ.
ಬಿಟ್ಟರೆ ಎಲ್ಲಿಂದ ಎಣಿಸಲಿ?

ಮರುದಿನ ದಿವಾಡಿಯ ಫೆರಿಗೆ ಕರೆದೊಯ್ದ.
ಬೋಟು ಬಂದು ಧಕ್ಕೆಗೆ ಗುದ್ದಿತು.
ಯಾರೂ ಇಳಿಯಲಿಲ್ಲ.
ಮೀನಬುಟ್ಟಿಯವಳು, ಸ್ಕೂಟರಿನ ಪೋಸ್ಟ್‌ಮ್ಯಾನು,
ಎಲ್ಲರ ಕಾಲೂ ಒಂದು ಗಳಿಗೆ ತಡೆದು
ನೀರು ತಗ್ಗಿದ ಮೇಲೆ ದಡ ಮುಟ್ಟಿದವು.
ಎಂಜಿನ್ ಮಾತ್ರ ಅಂಗಾಲಲ್ಲಿ ಗುಂಯ್‌ಗುಟ್ಟುತ್ತಿತ್ತು.
ಅದು ಬೇಸ್, ಅಂದ. ಕಿವಿಗಲ್ಲ, ಮೊಣಕಾಲಿಗೆ.

ಸಂಜೆಗೆ ಹುಡುಗನ ಕೈ ಬಿಡುವು ಕಲಿತಿತ್ತು.

ಇನ್ನು ಸಮುದ್ರ.
ನಾನು ಕಾರವಾರದವ, ನನಗೇನು ಹೊಸದೇ?
ಮೂರು ರಾತ್ರಿ ಮೈಕು ಹಿಡಿದೆ.
ಸಿಕ್ಕಿದ್ದು ನಾಯಿ, ಯಂತ್ರದ ದೋಣಿ, ಯಾರದೋ ಹುಟ್ಟುಹಬ್ಬ.
ನಿಜವಾದ ಸಮುದ್ರ ಹೆಡ್‌ಫೋನಿನಲ್ಲಿ
ಎಣ್ಣೆಯಲ್ಲಿ ಏನೋ ಕರಿದ ಹಾಗೆ ಕೇಳುತ್ತದೆ.

ಮಣಿಸರ ಮಾರುವ ದೇವ್ಲವ್ವ ಪಾವಿಗೆ ಬಂದವಳು
ಬಾಗಿಲಲ್ಲಿ ನಿಂತು ನಕ್ಕಳು.
ಮೊರ ಐತೇನ್ರಿ?
ಪಕ್ಕದ ಮನೆಯಿಂದ ತರಿಸಿ
ತನ್ನ ಚೀಲದ ಎರಡು ಸೇರು ಜೋಳ ಸುರಿದು
ಓರೆ ಮಾಡಿದಳು, ಎಳೆದುಕೊಂಡಳು, ಮತ್ತೆ ಓರೆ ಮಾಡಿದಳು.
ತೆರೆ ಬಂತು. ಮರಳು ಹೀರಿತು. ಹಿಂದೆ ಸರಿಯಿತು.
ಆ ಬೇಗೆಯಲ್ಲಿ
ಐವರ ಪಾದವೂ ತಂಪಾಯಿತು.

ಎರಡು ನಿಮಿಷ ಹನ್ನೊಂದು ಸೆಕೆಂಡಿಗೆ
ಅವಳ ಬಳೆ ತಾಗಿದೆ ಮೊರದ ಅಂಚಿಗೆ.
ತೆಗೆ ಅಂದರು. ತೆಗೆದೆ ಅಂದೆ.
ಈಗಲೂ ಇದೆ.
ಬಿದ್ದಿರುವುದೂ ಖಾಲಿ ಜಾಗದಲ್ಲೇ.

ಹಾಡೀಗ ಟ್ಯಾಕ್ಸಿಗಳಲ್ಲಿ, ಮದುವೆಗಳಲ್ಲಿ,
ದಾಬೋಳಿಯ ವಿಮಾನ ನಿಲ್ದಾಣದ ಶೌಚಾಲಯದಲ್ಲಿ.
ಮೊನ್ನೆ ಬಾಗಾದಲ್ಲಿ ದೇವ್ಲವ್ವ ಸಿಕ್ಕಳು,
ತೋಳ ತುಂಬ ಸರ.
ಬೆನ್ನ ಹಿಂದೆ ಸಮುದ್ರ,
ಶ್ಯಾಕಿನ ಸ್ಪೀಕರಿನಲ್ಲಿ ಅವಳ ಸಮುದ್ರ.
ಕೇಳಿಸ್ತಾ? ಅಂದೆ.
ಅವತ್ತಿನ ಜ್ವಾಳ ಏನ್ ಮಾಡಿದ್ರಿ? ಅಂದಳು.

ಬೀಸಿಸಿದ್ದೆ.
ಹುಬ್ಬಳ್ಳಿ ಕಡೆಯ ನನ್ನ ಹೆಂಡತಿ ರೊಟ್ಟಿ ಬಡಿದಿದ್ದಳು,
ಎರಡು ದಿನ ಉಂಡಿದ್ದೆವು.

ಒಂದು ಏಟು ಸುಮ್ಮನಿದ್ದು
ಕೆಂಪು ಮಣಿಯದೊಂದು ಸರ ಕೊಂಡೆ.
ಚೌಕಾಶಿಯನ್ನೂ ಮಾಡಿದೆ,
ಮಾಡದಿದ್ದರೆ ಅವಳಿಗೆ ಅನುಮಾನ ಬರುತ್ತಿತ್ತು.