ಓದಿ ಹೇಳಲಾಗಿದೆ

ವಿರಾಜಪೇಟೆ ಗಡಿಯಾರ ಕಂಬದ ಹಿಂದಿನ ಓಣಿಯಲ್ಲಿ
ಗಾಜು ಕೊಯ್ಯುತ್ತೇನೆ, ಚೌಕಟ್ಟು ಕಟ್ಟುತ್ತೇನೆ.
ಪದಕ ತೊಟ್ಟ ಸುಬೇದಾರರು,
ಪೀಚೆಕತ್ತಿ ಸಿಕ್ಕಿಸಿಕೊಂಡ ಮದುಮಕ್ಕಳು,
ಗೆದ್ದ ಹಾಕಿ ತಂಡ, ಸೋತ ಹಾಕಿ ತಂಡ,
ಎಲ್ಲರೂ ನನ್ನ ಗಾಜಿನೊಳಗೆ ಕೂತು ಎದ್ದುಹೋದವರೇ.
ಬರೀ ಕಾಗದವನ್ನು ಯಾರೂ ತಂದಿರಲಿಲ್ಲ
ಚೀಯಣ್ಣನವರು ಬರುವವರೆಗೆ.

ನಿವೃತ್ತ ಸಬ್ ರಿಜಿಸ್ಟ್ರಾರು.
ಬೆಣ್ಣೆಕಾಗದ ಬಿಡಿಸುವಾಗ ಉಸಿರು ಬಿಗಿಹಿಡಿದಿದ್ದರು.
"ಅಮೆರಿಕ. ಸಾವಿರದ ಏಳುನೂರ ಎಪ್ಪತ್ತೆಂಟು.
ಆಗ ಆ ದೇಶಕ್ಕೆ ಎರಡು ವರ್ಷ, ಇನ್ನೂ ಹಾಲುಹಲ್ಲು.
ಮುಟ್ಟಬೇಡ, ನಿನ್ನ ಕೈಯೆಲ್ಲ ಸರೇಸು.

ಘೋಷಣೆಗೆ ಸಹಿ ಹಾಕಿದ ಐವತ್ತಾರು ಮಂದಿ
ನನ್ನ ಪಿಂಚಣಿಗೆ ಎಟುಕುವವರಲ್ಲ ಮಾರಾಯ.
ಅವರಲ್ಲೊಬ್ಬ, ಸಹಿ ಹಾಕಿ ವರ್ಷ ತುಂಬುವ ಮೊದಲೇ
ಗುಂಡೇಟಿಗೆ ಸತ್ತ.
ಹೆಚ್ಚು ಬರೆಯಲು ಪುರುಸೊತ್ತಾಗಲಿಲ್ಲ, ಅದಕ್ಕೇ
ಅವನ ಸಹಿ ಎಲ್ಲರಿಗಿಂತ ತುಟ್ಟಿ.
ನನಗೆ ಸಿಕ್ಕಿದ್ದು ಗುಮಾಸ್ತ."

ಗುಮಾಸ್ತ ಎಲೈಜಾ ಕ್ರೌಟರ್, ದಂಡಿನ ಉಗ್ರಾಣದವನು.
ಸಹಿಯ ಬಾಲ ತೆರ್ಮೆ ಸೊಪ್ಪಿನ ಕುಡಿಯಂತೆ
ಸುತ್ತಿ ಸುತ್ತಿ ತನ್ನೊಳಗೇ ನಿಂತಿದೆ.
ಶಾಯಿ ಕಂದು. "ಮಾಚಿಕಾಯಿ," ಎಂದರು.
"ಕೂಸಿನ ನಾಲಿಗೆಗೆ ನಿನ್ನಜ್ಜಿ ತೇಯ್ದು ನೆಕ್ಕಿಸುತ್ತಿದ್ದರಲ್ಲ,
ಅದನ್ನೇ ಕಬ್ಬಿಣದ ಉಪ್ಪಿನಲ್ಲಿ ಕದಡಿದ್ದು.
ಬರೆದ ದಿನದಿಂದಲೇ ಕಾಗದವನ್ನು
ತಿನ್ನಲು ಶುರುಮಾಡುತ್ತದೆ, ನಿಧಾನ."

ಅಳತೆ ತೆಗೆದೆ: ಎಂಟೂಕಾಲು, ಆರೂವರೆ.
ಆಮ್ಲವಿಲ್ಲದ ರಟ್ಟು ಮೈಸೂರಿಂದ ಬರಬೇಕು.
ಕೆಳಗಿನ ಅಂಚು ಕಾಲಂಗುಲ ಮುಚ್ಚಿದರೆ ಲಕ್ಷಣವಾಗಿರುತ್ತದೆ,
ಅಲ್ಲಿ ಹೇಗೂ ಶಾಯಿ ಚೆಲ್ಲಿದೆ, ಅಂದೆ.

ಅಳತೆಪಟ್ಟಿಯನ್ನು ನನ್ನ ಕೈಯಿಂದ ಕಿತ್ತುಕೊಂಡರು.

ಚೆಲ್ಲಿದ್ದಲ್ಲ. ಕತ್ತರಿ ಗುರುತು.
ಈಚೆ 'ಡಾರ್ಕಸ್', ಆಚೆ 'ಅವಳ ಗುರುತು',
ನಡುವೆ ಎರಡು ಗೀಟು, ಒಂದರ ಮೇಲೊಂದು ಬಿದ್ದದ್ದು,
ಲೇಖನಿ ಹಿಡಿಯಲು ಬಾರದ ಕೈ
ಸೌದೆ ಒಟ್ಟಿದ ಹಾಗೆ.
ನಲವತ್ತೊಂದು ಅಂಗಿ ಒಗೆದದ್ದಕ್ಕೆ ಹಣ ಮುಟ್ಟಿತು, ಎಂದಿದೆ ಮೇಲೆ.
ಮುಟ್ಟಿತೋ ಇಲ್ಲವೋ.
ಬರೆದವನು ಗುಮಾಸ್ತ.

ಹೊರಗೆ ಬಸ್ಸಿನವನು ಗೋಣಿಕೊಪ್ಪ ಗೋಣಿಕೊಪ್ಪ ಎಂದು
ಕೂಗುತ್ತಲೇ ಇದ್ದ. ಚೀಯಣ್ಣ
ನನ್ನ ಮುಖ ಬಿಟ್ಟು ಗೋಡೆಯ ಖಾಲಿ ಚೌಕಟ್ಟುಗಳಿಗೆ ಹೇಳಿದರು:

"ಎಪ್ಪತ್ತಮೂರು. ಪೊನ್ನಂಪೇಟೆ ಕಚೇರಿ. ಕೆಲಸಕ್ಕೆ ಸೇರಿ ಆರು ತಿಂಗಳು.
ಎರವರ ಚೋಮಿ, ತಿತಿಮತಿ ಕಡೆಯವಳು.
ಹೆಬ್ಬೆರಳು ನಡುಗುತ್ತಿತ್ತು, ನಾನೇ ಹಿಡಿದೆ,
ಪ್ಯಾಡಿಗೊತ್ತಿ, ಕಾಗದಕ್ಕೊತ್ತಿ, ಎಡದಿಂದ ಬಲಕ್ಕೆ ಹೊರಳಿಸಿದೆ.
ಗೆರೆ ಚೆನ್ನಾಗಿ ಮೂಡಬೇಕಲ್ಲ.
ಕಕ್ಕಡದ ಮದ್ದುಸೊಪ್ಪಿನ ಪಾಯಸದ ಬಣ್ಣ.
ಎಷ್ಟು ಸೆಂಟು, ಯಾರಿಗೆ, ಎಷ್ಟಕ್ಕೆ,
ಅವಳು ಕೇಳಲಿಲ್ಲ.
ಬೆರಳನ್ನು ಸೆರಗಿಗೆ ಒರೆಸಿಕೊಳ್ಳಲೋ ಬೇಡವೋ ಎಂದಷ್ಟೇ ಕೇಳಿದಳು.
ಕೆಳಗೆ ನಾನು ಬರೆದೆ, ದುಂಡಗಿನ ಅಕ್ಷರ:
ಓದಿ ಹೇಳಲಾಗಿದೆ."

ಮತ್ತೆ ಮಾತಾಡಲಿಲ್ಲ. ಎದ್ದು ಹೋಗುವಾಗ ಮಾತ್ರ,
ಕಿಟಕಿ ಕತ್ತರಿಸುವಾಗ ಗುರುತಿನ ಕಡೆ ಜಾಗ ಬಿಡು,
ಗುಮಾಸ್ತ ರಟ್ಟಿನಡಿಗೆ ಹೋದರೆ ಹೋಗಲಿ, ಅಂದರು.

ನಾನು ಹಾಗೆ ಮಾಡಲಿಲ್ಲ.
ಇಬ್ಬರನ್ನೂ ಉಳಿಸಿದೆ, ಅವನ ಸುರುಳಿ, ಅವಳ ಎರಡು ಸೌದೆ.
ನೋಡಿದರು. ಬೈಯಲಿಲ್ಲ.

ರಸೀತಿ ಬರೆದು ಮುಂದಿಟ್ಟೆ.
ಪೆನ್ನಿನ ಮುಚ್ಚಳ ತೆಗೆದವರು ತಡೆದರು.
ಕನ್ನಡಕ ಮೂಗಿನ ಮೇಲೇ ಇತ್ತು.
"ಓದಿ ಹೇಳು," ಅಂದರು.

ಓದಿದೆ: ಗಾಜು ಒಂದು.
ರಟ್ಟು ಎರಡು, ಮೈಸೂರಿನ ಬಸ್ ಚಾರ್ಜು ಸೇರಿ.
ಬೀಟೆ ಪಟ್ಟಿ ಮೂರಡಿ.
ಮೊಳೆ ಎಂಟು.